ಯಾರೂ ನೋಡದ ರಸ್ತೆಯಲ್ಲಿ

ಕಾಪು ದಾಟಿ ಪಡುಬಿದ್ರಿಯ ಕಡೆಗೆ ಬರುತ್ತಿದ್ದೆ. ರಾಷ್ಟ್ರೀಯ ಹೆದ್ದಾರಿ 66. ಬೆಳಗಿನ ಎಂಟು ಗಂಟೆಯ ಹೊತ್ತು. ಮಂಗಳೂರಿನಲ್ಲಿ ಒಂದು ಕೆಲಸವಿತ್ತು, ಮನೆಯಿಂದ ಹೊರಡುವಾಗಲೇ ತಡವಾಗಿತ್ತು. ಡಿವೈಡರಿನ ಆಚೆ ಬದಿಯಿಂದ ಬರುತ್ತಿದ್ದ ಲಾರಿಯೊಂದು ಎರಡು ಸಲ ಹೆಡ್‌ಲೈಟ್ ಹೊಡೆಯಿತು. ಹಗಲು ಹೊತ್ತಿನಲ್ಲಿ ಹೀಗೆ ಲೈಟ್ ಹೊಡೆದರೆ ಏನರ್ಥವೆಂದು ನಮ್ಮ ರಸ್ತೆಗಳಲ್ಲಿ ಗಾಡಿ ಓಡಿಸುವ ಯಾರಿಗೂ ವಿವರಿಸಬೇಕಾಗಿಲ್ಲ. ಮುಂದೆ ಪೊಲೀಸರಿದ್ದಾರೆ. ನೂರರ ಹತ್ತಿರವಿದ್ದ ಮುಳ್ಳನ್ನು ಅರವತ್ತಕ್ಕೆ ಇಳಿಸಿದೆ. ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಮರದ ನೆರಳಿನಲ್ಲಿ ಇಂಟರ್‌ಸೆಪ್ಟರ್ ವಾಹನ ನಿಂತಿತ್ತು. ಪೊಲೀಸರೊಬ್ಬರು ಸ್ಪೀಡ್ ಗನ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ನಾನು ಸಭ್ಯ ನಾಗರಿಕನಂತೆ ಅವರ ಮುಂದೆ ಹಾದುಹೋದೆ. ಮುಖವೂ ಗುರುತಿಲ್ಲದ ಆ ಲಾರಿ ಚಾಲಕನಿಗೆ ಮನಸ್ಸಿನಲ್ಲೇ ಸಲಾಮು ಹೇಳಿದೆ.

ಕನ್ನಡಿಯಲ್ಲಿ ಪೊಲೀಸ್ ವಾಹನ ಮರೆಯಾದ ಕೂಡಲೇ ಮತ್ತೆ ವೇಗ ಹೆಚ್ಚಿಸಿದೆ. ಅರವತ್ತರಲ್ಲಿ ಕಳೆದುಕೊಂಡ ಸಮಯವನ್ನು ತುಂಬಿಕೊಳ್ಳಬೇಕಿತ್ತಲ್ಲ! ಸುಮಾರು ಎರಡು ಕಿಲೋಮೀಟರು ಮುಂದೆ, ಡಿವೈಡರ್ ತೆರೆದಿರುವ ಒಂದು ಕಡೆ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ರಸ್ತೆ ದಾಟಲು ಕಾಲಿಟ್ಟಿದ್ದರು. ಬ್ರೇಕ್ ತುಳಿದೆ. ಟೈರುಗಳು ಕಿರುಚಿದವು. ಕಾರು ಅವರಿಂದ ಎರಡು ಮಾರು ದೂರದಲ್ಲಿ ಓರೆಯಾಗಿ ನಿಂತಿತು. ಅವರು ಹಿಂದಕ್ಕೆ ಹಾರಿದ ರಭಸಕ್ಕೆ ಬುಟ್ಟಿ ಬಿದ್ದು ಬಂಗುಡೆಗಳು ಡಾಂಬರಿನ ಮೇಲೆ ಚೆಲ್ಲಾಡಿದವು.

ಇಳಿದು ಹೋಗಿ ಮೀನು ಹೆಕ್ಕಲು ಕೈಜೋಡಿಸಿದೆ. ಅವರು ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಉಸಿರು ತಹಬಂದಿಗೆ ಬಂದ ಮೇಲೆ ತುಳುವಿನಲ್ಲಿ ಒಂದೇ ಮಾತು ಕೇಳಿದರು. ಕನ್ನಡದಲ್ಲಿ ಹೇಳುವುದಾದರೆ: "ಏನು ಮಾರಾಯ್ರೆ, ನಾನು ನಿಮಗೆ ಕಾಣುವುದಿಲ್ವಾ?"

ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರವಿತ್ತು. ಇಲ್ಲ, ಅವರು ಕಂಡಿರಲಿಲ್ಲ. ಕಳೆದ ನಾಲ್ಕು ಕಿಲೋಮೀಟರಿನುದ್ದಕ್ಕೂ ನನ್ನ ಕಣ್ಣು ಹುಡುಕುತ್ತಿದ್ದುದು ಖಾಕಿ ಬಣ್ಣವನ್ನು. ಪೊಲೀಸರನ್ನು ಕಾಣಲು ಅಷ್ಟೊಂದು ಜಾಗರೂಕವಾಗಿದ್ದ ಅದೇ ಕಣ್ಣಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದ ಒಬ್ಬ ಮನುಷ್ಯಜೀವಿ ಕಂಡಿರಲಿಲ್ಲ.

ಆ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಲಾರಿ ಚಾಲಕ ನನಗೆ ಮಾಡಿದ್ದು ಉಪಕಾರವೇ? ಅಂಥ ಉಪಕಾರವನ್ನು ನಾನೂ ಎಷ್ಟೋ ಸಲ ಇತರರಿಗೆ ಮಾಡಿದ್ದೇನೆ. ಅದರಲ್ಲಿ ಒಂದು ಬಗೆಯ ಸಹಜೀವಿ ಪ್ರೀತಿ ಇದೆಯೆಂದೇ ನಂಬಿದ್ದೆ. ಇಬ್ಬರು ಅಪರಿಚಿತರು, ಜಾತಿ ಧರ್ಮ ಕೇಳದೆ, ಪ್ರತಿಫಲ ಬಯಸದೆ ಒಬ್ಬರನ್ನೊಬ್ಬರು ಎಚ್ಚರಿಸುವುದು ನಮ್ಮ ಕಾಲದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಯಾರಿಂದ ಯಾರನ್ನು ಕಾಪಾಡುವ ಎಚ್ಚರಿಕೆ ಅದು?

ಈ ಪ್ರಶ್ನೆ ಮೋಟಾರು ಕಾರಿನಷ್ಟೇ ಹಳೆಯದು. 1903ರ ಕಾಯ್ದೆಯಲ್ಲಿ ಬ್ರಿಟನ್ ತನ್ನ ರಸ್ತೆಗಳಿಗೆ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರಿನ ಮಿತಿ ಹಾಕಿತ್ತು. ಪೊಲೀಸರು ರಸ್ತೆಯ ಒಂದು ನಿರ್ದಿಷ್ಟ ದೂರವನ್ನು ಅಳೆದು, ಅದರ ಎರಡು ತುದಿಗಳ ಬೇಲಿಮರೆಯಲ್ಲಿ ಗಡಿಯಾರ ಹಿಡಿದು ಕೂರುತ್ತಿದ್ದರು. ಕಾರು ಆ ದೂರವನ್ನು ಎಷ್ಟು ಸೆಕೆಂಡಿನಲ್ಲಿ ದಾಟಿತೆಂದು ಲೆಕ್ಕ ಹಾಕಿ ಹಿಡಿಯುತ್ತಿದ್ದರು. ಆಗ ಕಾರಿದ್ದವರು ಸಿರಿವಂತರು. ತಮ್ಮನ್ನು ಹಳ್ಳಿಯ ಪೇದೆಯೊಬ್ಬ ಬೇಲಿಯ ಹಿಂದಿನಿಂದ ಹಿಡಿಯುವುದು ಅವರಿಗೆ ಅವಮಾನವೆನಿಸಿತು. 1905ರಲ್ಲಿ ಲಂಡನ್ನಿನಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿದ್ದೇ ಈ ಅಸಮಾಧಾನದಿಂದ. ಇಂದು ಕೆಟ್ಟು ನಿಂತ ಕಾರುಗಳ ನೆರವಿಗೆ ಬರುವ ಗೌರವಾನ್ವಿತ ಸಂಸ್ಥೆಯಾಗಿರುವ ಅದರ ಮೊದಲ ಕೆಲಸ, ಸೈಕಲ್ ಮೇಲೆ ಆಳುಗಳನ್ನು ಬ್ರೈಟನ್ ರಸ್ತೆಯಂಥ ಕಡೆಗಳಿಗೆ ಕಳಿಸಿ, ಪೊಲೀಸರು ಎಲ್ಲಿ ಅಡಗಿದ್ದಾರೆಂದು ಕಾರಿನವರಿಗೆ ತಿಳಿಸುವುದಾಗಿತ್ತು.

ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 1907ರಲ್ಲಿ, ಹೀಗೆ ಎಚ್ಚರಿಸಿದವನೊಬ್ಬ ಪೊಲೀಸರ ಕರ್ತವ್ಯಕ್ಕೆ ಅಡ್ಡಿ ಮಾಡಿದ್ದಾನೆಂಬ ಆರೋಪವನ್ನು ನ್ಯಾಯಾಲಯ ಒಪ್ಪಲಿಲ್ಲ. ಎಚ್ಚರಿಕೆ ಪಡೆದ ಕಾರುಗಳು ಆ ಹೊತ್ತಿಗೆ ಮಿತಿಮೀರಿ ಓಡುತ್ತಿದ್ದವೆಂಬುದಕ್ಕೆ ಪುರಾವೆಯಿರಲಿಲ್ಲ. ಕಾನೂನು ಪಾಲಿಸು ಎಂದು ಹೇಳುವುದು ಅಪರಾಧವಾಗುವುದು ಹೇಗೆ? ಆದರೆ 1910ರ ಇನ್ನೊಂದು ಪ್ರಕರಣದಲ್ಲಿ ಕಾರುಗಳು ಆಗಲೇ ಮಿತಿ ಮೀರಿದ್ದವು. ಅಸೋಸಿಯೇಷನ್ನಿನ ಆಳು ಎಚ್ಚರಿಸಿದ ಮೇಲೆ, ಅಳತೆ ಮುಗಿಯುವ ಮುನ್ನ ನಿಧಾನಿಸಿದ್ದವು. ಈ ಸಲ ಆತ ತಪ್ಪಿತಸ್ಥನೆಂದು ತೀರ್ಮಾನವಾಯಿತು. ಆ ತೀರ್ಪಿನಲ್ಲಿ ಮೂಡಿದ ಭೇದ ಮುಖ್ಯವಾದದ್ದು. ತಪ್ಪು ಮಾಡಬೇಡವೆಂದು ಒಬ್ಬನನ್ನು ತಡೆಯುವುದು ಒಂದು. ನೋಡುವವರು ಇರುವಷ್ಟು ಹೊತ್ತು ತಪ್ಪನ್ನು ಮುಂದೂಡು ಎಂದು ಹೇಳುವುದು ಇನ್ನೊಂದು. ಎರಡರಲ್ಲೂ ಹೊರಗಿನಿಂದ ಕಾಣುವ ಕ್ರಿಯೆ ಒಂದೇ, ಕೈ ಬೀಸುವುದು. ಒಳಗಿನ ಉದ್ದೇಶ ಬೇರೆ.

ಅಸೋಸಿಯೇಷನ್ ಸೋಲೊಪ್ಪಲಿಲ್ಲ. ತನ್ನ ಆಳುಗಳಿಗೆ, ಸಂಸ್ಥೆಯ ಬ್ಯಾಡ್ಜ್ ಇರುವ ಕಾರು ಕಂಡಾಗಲೆಲ್ಲ ಸಲ್ಯೂಟ್ ಹೊಡೆಯಬೇಕೆಂದು ಹೇಳಿತು. ಸದಸ್ಯರಿಗೆ, ಆಳು ಸಲ್ಯೂಟ್ ಹೊಡೆಯದಿದ್ದರೆ ಗಾಡಿ ನಿಲ್ಲಿಸಿ ಕಾರಣ ಕೇಳಿ ಎಂದು ಹೇಳಿತು. ಸಲ್ಯೂಟ್ ಇದ್ದರೆ ಮುಂದೆ ರಸ್ತೆ ಕ್ಷೇಮ, ಇಲ್ಲದಿದ್ದರೆ ಪೊಲೀಸರಿದ್ದಾರೆ! ಮರ್ಯಾದೆ ಕೊಡಲಿಲ್ಲವೆಂದು ಯಾರ ಮೇಲೆ ಮೊಕದ್ದಮೆ ಹೂಡಲು ಸಾಧ್ಯ? ಜಾಣತನ ಮೆಚ್ಚಬೇಕಾದದ್ದೇ. ಆದರೆ ಈ ಇಡೀ ಕತೆಯಲ್ಲಿ ಪಾತ್ರಗಳು ಎರಡೇ, ಕಾರಿನವರು ಮತ್ತು ಪೊಲೀಸರು. ಯಾರಿಗಾಗಿ ಮಿತಿ ಹಾಕಲಾಗಿತ್ತೋ ಆ ರಸ್ತೆಬದಿಯ ಊರಿನವರು, ಶಾಲೆಗೆ ಹೋಗುವ ಮಕ್ಕಳು, ಕುದುರೆಗಾಡಿಯವರು ಕತೆಯಿಂದಲೇ ಹೊರಬಿದ್ದಿದ್ದರು.

ನೂರು ವರ್ಷಗಳಲ್ಲಿ ಬದಲಾದದ್ದು ಸಲಕರಣೆಗಳು ಮಾತ್ರ. ನಮ್ಮತ್ತ ಬರುವ ರೈಲಿನ ಸೀಟಿ ತೀಕ್ಷ್ಣವಾಗಿ ಕೇಳಿಸಿ, ದಾಟಿ ಹೋದ ಕೂಡಲೇ ದನಿ ತಗ್ಗಿದಂತೆ ಅನಿಸುವುದನ್ನು ನಾವೆಲ್ಲ ಗಮನಿಸಿದ್ದೇವೆ. ಇದರ ಹಿಂದಿನ ತತ್ವವನ್ನು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಎಂಬ ವಿಜ್ಞಾನಿ ಮಂಡಿಸಿದ. ಅದೇ ತತ್ವದ ಮೇಲೆ, ಎರಡನೇ ಮಹಾಯುದ್ಧಕ್ಕಾಗಿ ಬೆಳೆದ ರೇಡಾರ್ ವಿದ್ಯೆಯನ್ನು ಬಳಸಿ, 1940ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪೊಲೀಸರು ಕಾರುಗಳ ವೇಗ ಅಳೆಯತೊಡಗಿದರು. ಯಂತ್ರದಿಂದ ಹೊರಟ ಅಲೆ ಕಾರಿಗೆ ಬಡಿದು ಹಿಂದಿರುಗುವಾಗ ಅದರ ಕಂಪನಾಂಕದಲ್ಲಿ ಆಗುವ ವ್ಯತ್ಯಾಸವೇ ಕಾರಿನ ವೇಗವನ್ನು ಹೇಳುತ್ತದೆ.

ಯುರೋಪಿನ ಕತೆ ಇನ್ನೂ ಸ್ವಾರಸ್ಯಕರ. ಮೌಸ್ ಗಾಟ್ಸೊನೈಡಿಸ್ ಎಂಬ ಡಚ್ಚರವನು 1953ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ ಚಾಲಕ. ತಿರುವುಗಳಲ್ಲಿ ತಾನು ಎಷ್ಟು ವೇಗವಾಗಿ ಹೋಗುತ್ತಿದ್ದೇನೆಂದು ಅಳೆದು, ಇನ್ನೂ ವೇಗವಾಗಿ ಹೋಗುವುದು ಹೇಗೆಂದು ತಿಳಿಯಲು ಒಂದು ಸಾಧನ ಮಾಡಿದ. ಅದೇ ಮುಂದೆ ಜಗತ್ತಿನ ಅನೇಕ ದೇಶಗಳ ಪೊಲೀಸರು ಬಳಸಿದ 'ಗಾಟ್ಸೊ' ವೇಗದ ಕ್ಯಾಮರಾಕ್ಕೆ ಮೂಲವಾಯಿತು. ವೇಗದ ಹಂಬಲದಿಂದ ಹುಟ್ಟಿದ ಯಂತ್ರ ವೇಗದ ಕಾವಲುಗಾರನಾಯಿತು. ಅದನ್ನು ಮಾಡಿದವನೇ ಅದಕ್ಕೆ ಸಿಕ್ಕಿಬಿದ್ದು ದಂಡ ಕಟ್ಟಿದ್ದೂ ಉಂಟು.

ಇನ್ನು ತಪ್ಪಿಸಿಕೊಳ್ಳುವವರ ಯಂತ್ರಗಳು. 1973ರ ಅಕ್ಟೋಬರಿನ ಯುದ್ಧದ ಸಂದರ್ಭದಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದಾಗ ಅಲ್ಲಿ ಇಂಧನಕ್ಕೆ ಹಾಹಾಕಾರವೆದ್ದಿತು. 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾಯ್ದೆ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ಮಿತಿ ತಂದಿತು. ಅಗಲವಾದ ನೇರ ಹೆದ್ದಾರಿಗಳಲ್ಲಿ 88 ಕಿಲೋಮೀಟರಿಗೆ ಇಳಿಯಬೇಕಾಗಿ ಬಂದದ್ದು ಅಮೆರಿಕನ್ನರಿಗೆ ಸಹಿಸಲಿಲ್ಲ. ಟ್ರಕ್ ಚಾಲಕರು ತಮ್ಮ ಸಿ.ಬಿ. ರೇಡಿಯೊಗಳಲ್ಲಿ ಗುಪ್ತನುಡಿ ಬಳಸಿ ಪೊಲೀಸರು ಎಲ್ಲಿದ್ದಾರೆಂದು ಪರಸ್ಪರ ಹೇಳತೊಡಗಿದರು. ಕಾರಿನವರು ರೇಡಾರ್ ಡಿಟೆಕ್ಟರ್ ಕೊಳ್ಳತೊಡಗಿದರು. ಅವುಗಳಲ್ಲಿ ಹೆಸರಾದದ್ದು 'ಫಜ್‌ಬಸ್ಟರ್'. ಪೊಲೀಸರಿಗೆ ಅಲ್ಲಿನ ಆಡುಮಾತಿನ ಹಳಿಯುವ ಹೆಸರು 'ಫಜ್'.

ಡಿಟೆಕ್ಟರಿನ ಗುಟ್ಟು ಸರಳ. ಪೊಲೀಸರ ಅಲೆ ಕಾರಿಗೆ ಬಡಿದು, ಅಳೆಯಲು ಬೇಕಾದಷ್ಟು ಬಲದಿಂದ ಹಿಂದಿರುಗುವುದಕ್ಕೆ ಬಹಳ ಮೊದಲೇ, ಹೋಗುವ ದಾರಿಯಲ್ಲೇ ಅದನ್ನು ಗ್ರಹಿಸಬಹುದು. ಹಾಗಾಗಿ ಪೊಲೀಸರು ಚಾಲಕನನ್ನು ಕಾಣುವ ಮೊದಲೇ ಚಾಲಕ ಪೊಲೀಸರನ್ನು ಕಾಣುತ್ತಾನೆ. ಇದಕ್ಕೆ ಪ್ರತಿಯಾಗಿ ಪೊಲೀಸರು ಕಂಪನಾಂಕ ಬದಲಿಸಿದರು. ಕಾರು ಹತ್ತಿರ ಬರುವ ತನಕ ಯಂತ್ರವನ್ನು ಸುಮ್ಮನಿಟ್ಟು, ಒಮ್ಮೆಲೇ ಚಾಲೂ ಮಾಡಿದರು. ತಯಾರಕರು ಇನ್ನೂ ಸೂಕ್ಷ್ಮವಾದ ಡಿಟೆಕ್ಟರ್ ಮಾಡಿದರು. ವರ್ಜೀನಿಯಾದಂಥ ರಾಜ್ಯ ಡಿಟೆಕ್ಟರನ್ನೇ ನಿಷೇಧಿಸಿತು. ಡಿಟೆಕ್ಟರಿನ ಒಳಗಿನಿಂದ ಸೋರುವ ಕ್ಷೀಣ ಅಲೆಯನ್ನು ಹಿಡಿದು, ಯಾವ ಕಾರಿನಲ್ಲಿ ಡಿಟೆಕ್ಟರ್ ಇದೆಯೆಂದು ಪತ್ತೆ ಮಾಡುವ ಯಂತ್ರ ಪೊಲೀಸರ ಕೈಗೆ ಬಂತು. ಆ ಯಂತ್ರಕ್ಕೂ ಕಾಣದಂಥ ಡಿಟೆಕ್ಟರ್ ಮಾರುಕಟ್ಟೆಗೆ ಬಂತು. ಆಮೇಲೆ ಲೇಸರ್. ಅದರ ಕಿರಣ ಎಷ್ಟು ಕಿರಿದೆಂದರೆ ಡಿಟೆಕ್ಟರ್ ಕೂಗುವಷ್ಟರಲ್ಲಿ ಅಳತೆ ಮುಗಿದಿರುತ್ತದೆ. ಈಗ ಇದೆಲ್ಲ ನಮ್ಮ ಜೇಬಿಗೇ ಬಂದಿದೆ. ಕ್ಯಾಮರಾ ಮುಂದಿದೆಯೆಂದು ಮೊಬೈಲಿನ ನಕ್ಷೆಯೇ ಹೇಳುತ್ತದೆ. ಪೊಲೀಸರು ಎಲ್ಲಿದ್ದಾರೆಂದು ಬಳಕೆದಾರರೇ ಪರಸ್ಪರ ತಿಳಿಸುವ 'ವೇಜ್' ಎಂಬ ಆಪ್ ಇದೆ. ಕುಡಿದು ಓಡಿಸುವವರನ್ನು ಹಿಡಿಯುವ ತಪಾಸಣೆಯ ಜಾಗಗಳೂ ಅದರಲ್ಲಿ ಬಯಲಾಗುತ್ತಿವೆಯೆಂದು ನ್ಯೂಯಾರ್ಕ್ ಪೊಲೀಸರು 2019ರಲ್ಲಿ ಅದರ ಒಡೆಯ ಸಂಸ್ಥೆ ಗೂಗಲ್‌ಗೆ ಆಕ್ಷೇಪದ ಪತ್ರ ಬರೆದಿದ್ದರು. ನಾನು ಹೊಡೆಯುವ ಲೈಟಿನ ಕತೆಯೂ ಇದೇ ಅಲ್ಲವೇ? ಎದುರಿನ ಕಾರಿನಲ್ಲಿ ಕುಡಿದವನಿದ್ದಾನೋ, ಆಸ್ಪತ್ರೆಗೆ ಧಾವಿಸುತ್ತಿರುವ ತಂದೆಯಿದ್ದಾನೋ ನನಗೆ ಗೊತ್ತಿಲ್ಲ. ನನ್ನ ಉಪಕಾರಕ್ಕೆ ಕಣ್ಣಿಲ್ಲ.

ಈ ಹಾವು ಏಣಿಯಾಟದ ನಡುವೆ ಒಂದು ಅಂಕಿಯನ್ನು ಯಾರೂ ಸಂಭ್ರಮಿಸಲಿಲ್ಲ. 1973ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 54,052 ಮಂದಿ. 55 ಮೈಲಿಯ ಮಿತಿ ಬಂದ 1974ರಲ್ಲಿ 45,196. ತೈಲದ ಅಭಾವದಿಂದ ಜನ ಕಡಿಮೆ ಓಡಾಡಿದ್ದೂ ಇದಕ್ಕೆ ಕಾರಣ, ವೇಗ ತಗ್ಗಿದ್ದೂ ಕಾರಣ. ಏನೇ ಆದರೂ ಒಂದೇ ವರ್ಷದಲ್ಲಿ ಸುಮಾರು ಒಂಬತ್ತು ಸಾವಿರ ಸಾವು ಕಡಿಮೆಯಾಯಿತು. ಬದುಕುಳಿದವರು ಯಾರು? ಗೊತ್ತಿಲ್ಲ. ತಾವು ಉಳಿದೆವೆಂದು ಅವರಿಗೂ ಗೊತ್ತಿಲ್ಲ. ದಂಡ ಕಟ್ಟಿದವನಿಗೆ ತನ್ನ ನಷ್ಟ ಎಷ್ಟೆಂದು ರೂಪಾಯಿ ಪೈಸೆಯ ಲೆಕ್ಕದಲ್ಲಿ ಗೊತ್ತಿರುತ್ತದೆ. ಸಾಯದೆ ಉಳಿದವನು ಎಂದಿನಂತೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ವೇಗಮಿತಿಯ ಪರವಾಗಿ ಸಾಕ್ಷಿ ಹೇಳಲು ಅವನು ಬರಲಾರ.

ಹಾಗೆಂದು ಚಾಲಕರ ತಕರಾರನ್ನು ತಳ್ಳಿಹಾಕಿದರೆ ಅದೂ ಅನ್ಯಾಯವೇ. ಮರದ ಮರೆಯಲ್ಲಿ, ಇಳಿಜಾರಿನ ಕೊನೆಯಲ್ಲಿ ನಿಂತು ಹಿಡಿಯುವವರ ಉದ್ದೇಶ ಪ್ರಾಣ ಉಳಿಸುವುದೋ, ದಿನದ ಗುರಿ ತುಂಬುವುದೋ ಎಂಬ ಅನುಮಾನ ಆಧಾರವಿಲ್ಲದ್ದಲ್ಲ. ವೇಗಮಿತಿಯ ಫಲಕ ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದೆ ಮುಚ್ಚಿಹೋಗಿರುವ ರಸ್ತೆಗಳು ನಮ್ಮಲ್ಲಿ ಬೇಕಾದಷ್ಟಿವೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ ಎಲೆಕ್ಟ್ರಾನಿಕ್ ನಿಗಾಕ್ಕೆ ಅವಕಾಶವಾಯಿತು. 2021ರ ನಿಯಮದ ಪ್ರಕಾರ ಇಂಥ ಯಂತ್ರಗಳಿರುವ ಕಡೆ ಮೊದಲೇ ಎದ್ದುಕಾಣುವ ಎಚ್ಚರಿಕೆ ಫಲಕ ಹಾಕಬೇಕು; ತಪ್ಪಿನ ನೋಟಿಸು ಹದಿನೈದು ದಿನಗಳೊಳಗೆ ಕಳಿಸಬೇಕು. ಅಂದರೆ ಪ್ರಭುತ್ವ ಕದ್ದು ನೋಡಬಾರದು, ಹೇಳಿ ನೋಡಬೇಕು ಎಂಬುದನ್ನು ನಿಯಮವೇ ಒಪ್ಪಿಕೊಂಡಿದೆ. ಅದನ್ನು ಪಾಲಿಸುವ ಹೊಣೆ ಪ್ರಭುತ್ವದ್ದೂ ಹೌದು.

ದಂಡದ ವಿಚಾರವೂ ಹಾಗೆಯೇ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಾಕಿ ಸಂಚಾರ ದಂಡಗಳ ಮೇಲೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಕಟ್ಟಲು ಜನ ಮುಗಿಬಿದ್ದರು, ಕೋಟಿಗಟ್ಟಲೆ ಹಣ ಬಂತು. ಖಜಾನೆಗೆ ಒಳ್ಳೆಯದೇ. ಆದರೆ ಜವಳಿ ಅಂಗಡಿಯ ಆಷಾಢದ ಮಾರಾಟದಂತೆ ತಪ್ಪಿಗೂ ರಿಯಾಯಿತಿ ಸಿಗುವುದಾದರೆ, ದಂಡವೆಂಬುದು ಶಿಕ್ಷೆಯಾಗಿ ಉಳಿಯದೆ ಬೆಲೆಯಾಗಿಬಿಡುತ್ತದೆ. ಬೆಲೆ ಕೊಡಬಲ್ಲವನು ವೇಗವನ್ನು ಕೊಂಡುಕೊಳ್ಳುತ್ತಾನೆ. ಕಾರಿನ ಅತಿವೇಗಕ್ಕೆ ಒಂದರಿಂದ ಎರಡು ಸಾವಿರ ರೂಪಾಯಿ ಎಂದು 2019ರ ತಿದ್ದುಪಡಿ ಹೇಳಿತು. ಬಾಡಿಗೆ ಟ್ಯಾಕ್ಸಿ ಓಡಿಸುವವನಿಗೆ ಅದು ಎರಡು ದಿನದ ದುಡಿಮೆ, ಇನ್ನೊಬ್ಬನಿಗೆ ಒಂದು ಹೊತ್ತಿನ ಹೋಟೆಲ್ ಬಿಲ್ಲು. ಫಿನ್ಲೆಂಡಿನಲ್ಲಿ ಗಂಭೀರ ಅತಿವೇಗದ ದಂಡವನ್ನು ತಪ್ಪು ಮಾಡಿದವನ ಆದಾಯ ನೋಡಿ ವಿಧಿಸುತ್ತಾರೆ. 2002ರಲ್ಲಿ, 50 ಕಿಲೋಮೀಟರಿನ ಮಿತಿಯಿದ್ದಲ್ಲಿ 75ರಲ್ಲಿ ಬೈಕ್ ಓಡಿಸಿದ ನೋಕಿಯಾ ಕಂಪನಿಯ ಹಿರಿಯ ಅಧಿಕಾರಿಯೊಬ್ಬರಿಗೆ ಬಿದ್ದ ದಂಡ 1,16,000 ಯೂರೋ. ಮೇಲ್ಮನವಿಯಲ್ಲಿ ಅದು ಇಳಿಯಿತಾದರೂ, ನೋವು ಎಲ್ಲರಿಗೂ ಸಮಾನವಾಗಿರಬೇಕೆಂಬ ತತ್ವ ಅಲ್ಲಿದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ನಂಬರ್ ಪ್ಲೇಟ್ ಓದುವ ಕ್ಯಾಮರಾ ತಪ್ಪು ಮಾಡಿದವನನ್ನು ಮಾತ್ರ ನೋಡುವುದಿಲ್ಲ, ಹಾದುಹೋದ ಎಲ್ಲರನ್ನೂ ಓದುತ್ತದೆ. ಯಾರು, ಯಾವಾಗ, ಎಲ್ಲಿಗೆ ಹೋದರೆಂಬ ನೆನಪು ಅದಕ್ಕಿರುತ್ತದೆ. 2010ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಮುಸ್ಲಿಮರು ಹೆಚ್ಚಾಗಿ ವಾಸಿಸುವ ಸ್ಪಾರ್ಕ್‌ಬ್ರೂಕ್ ಮತ್ತು ವಾಷ್‌ವುಡ್ ಹೀತ್ ಬಡಾವಣೆಗಳ ಸುತ್ತ ಇನ್ನೂರಕ್ಕೂ ಹೆಚ್ಚು ಕ್ಯಾಮರಾಗಳನ್ನು ನೆಟ್ಟಿದ್ದರು. ಅವುಗಳಲ್ಲಿ ಹಲವು ಗುಪ್ತವಾಗಿದ್ದವು. ಬಡಾವಣೆಯ ಸುರಕ್ಷತೆಗಾಗಿ ಎಂದು ಜನರಿಗೆ ಹೇಳಲಾಗಿತ್ತು. ಹಣ ಬಂದದ್ದು ಭಯೋತ್ಪಾದನಾ ನಿಗ್ರಹದ ನಿಧಿಯಿಂದ. ಸತ್ಯ ಹೊರಬಿದ್ದಾಗ ನಿವಾಸಿಗಳು ಪ್ರತಿಭಟಿಸಿದರು. ಪೊಲೀಸರು ಕ್ಷಮೆ ಕೇಳಬೇಕಾಯಿತು, ಕ್ಯಾಮರಾಗಳನ್ನು ಕಿತ್ತುಹಾಕಲಾಯಿತು. ಆದ್ದರಿಂದ ಕ್ಯಾಮರಾದ ಬಗೆಗಿನ ಎಲ್ಲ ಅನುಮಾನವೂ ಕಳ್ಳನ ಅನುಮಾನವಲ್ಲ. ತಪ್ಪು ಮಾಡದವನಿಗೆ ಭಯವೇಕೆ ಎಂದು ಕೇಳುವವರು, ತಮ್ಮ ಹೆಸರಿನ ಕಾರಣಕ್ಕೇ ಎಂದೂ ಅನುಮಾನಿಸಲ್ಪಡದವರು.

ಆದರೆ ಗಮನಿಸಿ. ಬರ್ಮಿಂಗ್‌ಹ್ಯಾಮಿನ ಆ ಜನ ಕ್ಯಾಮರಾಕ್ಕೆ ಕಾಣದಂತೆ ಓಡಾಡುವ ಯಂತ್ರ ಕೊಳ್ಳಲಿಲ್ಲ. ಬೀದಿಯಲ್ಲಿ ನಿಂತು ಪ್ರಶ್ನಿಸಿದರು, ಸಭೆ ಸೇರಿದರು, ಲೆಕ್ಕ ಕೇಳಿದರು. ಗಾಂಧೀಜಿ 1930ರಲ್ಲಿ ಉಪ್ಪಿನ ಕಾನೂನು ಮುರಿಯುವ ಮುನ್ನ ವೈಸರಾಯರಿಗೆ ಪತ್ರ ಬರೆದು ತಿಳಿಸಿಯೇ ಹೊರಟಿದ್ದರು. ಅನ್ಯಾಯದ ಕಾನೂನನ್ನು ಎದುರಿಸುವವನು ತಾನು ಕಾಣಬೇಕೆಂದು ಬಯಸುತ್ತಾನೆ, ಶಿಕ್ಷೆಗೂ ಸಿದ್ಧನಿರುತ್ತಾನೆ. ಡಿಟೆಕ್ಟರ್ ಇಟ್ಟುಕೊಂಡವನು ಬಯಸುವುದು ಕಾಣದಿರುವುದನ್ನು. ಅವನಿಗೆ ಕಾನೂನು ಬದಲಾಗಬೇಕಿಲ್ಲ. ಅದು ಉಳಿದವರಿಗೆಲ್ಲ ಅನ್ವಯಿಸುತ್ತಿದ್ದರೆ ಇನ್ನೂ ಒಳ್ಳೆಯದು, ರಸ್ತೆ ಅವನಿಗೆ ಖಾಲಿ ಸಿಗುತ್ತದೆ. ಇದನ್ನು ಪ್ರತಿರೋಧವೆಂದು ಕರೆಯುವುದು ಆ ಪದಕ್ಕೆ ಮಾಡುವ ಅವಮಾನ.

ನನ್ನ ಚಿಕ್ಕಮ್ಮನ ಮಗ ಅಬುಧಾಬಿಯಲ್ಲಿ ಹದಿನೈದು ವರ್ಷಗಳಿಂದ ಕಾರು ಓಡಿಸುತ್ತಿದ್ದಾನೆ. ಅಲ್ಲಿ ಫಲಕದ ಮಿತಿಯ ಮೇಲೆ ಮೊದಲು 20 ಕಿಲೋಮೀಟರಿನ ವಿನಾಯಿತಿ ಇತ್ತು. 2018ರ ಆಗಸ್ಟಿನಲ್ಲಿ ಅದನ್ನು ತೆಗೆದುಹಾಕಿ, ಫಲಕದಲ್ಲಿರುವುದೇ ಕೊನೆಯ ಮಿತಿ ಎಂದು ಮಾಡಿದರು. ಈ ಹದಿನೈದು ವರ್ಷಗಳಲ್ಲಿ ತನಗೆ ದಂಡ ಬಿದ್ದದ್ದು ಎರಡೇ ಸಲ ಎಂದು ಅವನು ಹೆಮ್ಮೆಯಿಂದ ಹೇಳುತ್ತಾನೆ. ರಜೆಯಲ್ಲಿ ಊರಿಗೆ ಬಂದಾಗ ಅವನ ಪಕ್ಕದಲ್ಲಿ ಕೂರಲು ನನಗೆ ಧೈರ್ಯವಾಗುವುದಿಲ್ಲ. "ಇದೇನು ಮಾರಾಯ, ಅಲ್ಲಿಯೂ ಹೀಗೇ ಓಡಿಸ್ತೀಯಾ?" ಎಂದರೆ ನಗುತ್ತಾನೆ. "ಅಲ್ಲಿ ರೇಡಾರ್ ಉಂಟಲ್ಲ ಅಣ್ಣಾ. ಇಲ್ಲಿ ಯಾರು ಕೇಳ್ತಾರೆ?" ಅದೇ ಕೈ, ಅದೇ ಕಾಲು, ಅದೇ ಮನುಷ್ಯ. ಹದಿನೈದು ವರ್ಷದ ಶಿಸ್ತು ವಿಮಾನ ಹತ್ತುವಾಗ ಅಲ್ಲೇ ಉಳಿದುಬಿಡುತ್ತದೆ. ಏಕೆಂದರೆ ಆ ಶಿಸ್ತು ಅವನದಾಗಿರಲಿಲ್ಲ, ಕ್ಯಾಮರಾದ್ದಾಗಿತ್ತು.

ಅವನನ್ನು ದೂರಿ ನಾನು ದೊಡ್ಡವನಾಗಲಾರೆ. ಪಡುಬಿದ್ರಿಯ ಬಳಿ ನಾನು ಮಾಡಿದ್ದೂ ಅದನ್ನೇ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ದಿನವೂ ನಡೆಯುವುದೂ ಅದೇ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ರಸ್ತೆಯಲ್ಲಿ ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿ ನಿಲ್ಲಲೇ ಇಲ್ಲ. ಆಮೇಲೆ ಸ್ಪೀಡ್ ಗನ್ನುಗಳು ಬಂದವು, ಆಗಸ್ಟಿನಿಂದ ಬೈಕು ಆಟೋಗಳಿಗೆ ನಿಷೇಧವಾಯಿತು, ಸಾಲುಸಾಲಾಗಿ ಕ್ಯಾಮರಾಗಳು ಬಂದವು. ಸಾವುಗಳು ಇಳಿದವು. ಕ್ಯಾಮರಾ ಪ್ರಾಣ ಉಳಿಸುತ್ತದೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅದೇ ರಸ್ತೆಯಲ್ಲಿ, ಕ್ಯಾಮರಾದ ಕಂಬ ಬರುವಾಗ ಬ್ರೇಕು, ಕಂಬ ದಾಟಿದ ಮೇಲೆ ಆಕ್ಸಿಲರೇಟರು. ಕಂಬಕ್ಕೆ ಮಾತ್ರ ಮರ್ಯಾದೆ.

ಕನಕದಾಸರ ಬಾಳೆಹಣ್ಣಿನ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಯಾರೂ ಇಲ್ಲದ ಕಡೆ ಹೋಗಿ ತಿಂದು ಬನ್ನಿ ಎಂದು ಗುರುಗಳು ಹಣ್ಣು ಕೊಟ್ಟರು. ಉಳಿದ ಶಿಷ್ಯರು ಮೂಲೆ ಸೇರಿ ತಿಂದು ಬಂದರು. ಕನಕರು ಹಣ್ಣನ್ನು ಹಾಗೆಯೇ ಹಿಂದೆ ತಂದರು. ದೇವರಿಲ್ಲದ ಜಾಗ ಅವರಿಗೆ ಸಿಕ್ಕಿರಲಿಲ್ಲ. ಇದೇ ಜಾಡಿನ ಇನ್ನೊಂದು ಕತೆಯನ್ನು ಮುಸ್ಲಿಮರ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ಖಲೀಫ ಉಮರ್ ರಾತ್ರಿ ಮದೀನಾದ ಬೀದಿಯಲ್ಲಿ ನಡೆಯುತ್ತಿದ್ದಾಗ, ಹಾಲಿಗೆ ನೀರು ಬೆರೆಸು ಎಂದು ತಾಯಿಯೊಬ್ಬಳು ಮಗಳಿಗೆ ಹೇಳುವುದು ಕೇಳಿಸಿತು. ಖಲೀಫರು ಇದನ್ನು ನಿಷೇಧಿಸಿದ್ದಾರಲ್ಲ ಎಂದಳು ಮಗಳು. ಅವರೇನು ಇಲ್ಲಿ ನೋಡುತ್ತಿದ್ದಾರೆಯೇ ಎಂದಳು ತಾಯಿ. ಅವರು ನೋಡದಿದ್ದರೂ ಅವರ ಒಡೆಯ ನೋಡುತ್ತಾನೆಂದು ಹೇಳಿ ಹುಡುಗಿ ನೀರು ಬೆರೆಸಲಿಲ್ಲ.

ಎರಡೂ ಕತೆಗಳನ್ನು ನಾವು ಸಾಮಾನ್ಯವಾಗಿ ಒಂದೇ ರೀತಿ ಅರ್ಥ ಮಾಡಿಕೊಳ್ಳುತ್ತೇವೆ: ಮೇಲಿರುವವನು ನೋಡುತ್ತಾನೆ, ಹುಷಾರು! ಆದರೆ ದೇವರೆಂದರೆ ಎಲ್ಲೆಲ್ಲೂ ಇರುವ ದೊಡ್ಡ ಕ್ಯಾಮರಾ ಎಂದಷ್ಟೇ ತಿಳಿದರೆ, ಭಕ್ತಿಯೂ ದಂಡದ ಭಯವೇ ಆಗಿಬಿಡುತ್ತದೆ. ಅಂಥ ಭಯವಿರುವವನು ದೇವರಿಗೂ ಒಂದು ಡಿಟೆಕ್ಟರ್ ಹುಡುಕುತ್ತಾನೆ. ವಾರಕ್ಕೊಮ್ಮೆ ಪೂಜೆಯೋ ಪ್ರಾರ್ಥನೆಯೋ ಮಾಡಿ, ಉಳಿದ ದಿನ ತಕ್ಕಡಿಯಲ್ಲಿ ಮೋಸ ಮಾಡುತ್ತಾನೆ. ಹಾಲಿನ ಕತೆಯಲ್ಲಿ ನಾವು ಮರೆಯುವವರು ಇನ್ನೊಬ್ಬರಿದ್ದಾರೆ, ಮರುದಿನ ಬೆಳಿಗ್ಗೆ ಆ ಹಾಲು ಕುಡಿಯಬೇಕಾದ ಮಗು. ಆ ಹುಡುಗಿಯನ್ನು ನೋಡುವ ಕಣ್ಣಿತ್ತು, ನಿಜ. ಆದರೆ ಆ ಕಣ್ಣು ಅವಳಿಗೆ ಕಲಿಸಿದ್ದೇನು? ತನಗೆ ಕಾಣದ ಇನ್ನೊಂದು ಮನೆಯ ಹಸಿವನ್ನು ನೋಡುವುದನ್ನು. ಇಸ್ಲಾಮಿನಲ್ಲಿ 'ಇಹ್ಸಾನ್' ಎಂಬ ಒಂದು ಪರಿಕಲ್ಪನೆ ಇದೆ. ಒಳ್ಳೆಯದನ್ನು ಒಳ್ಳೆಯ ರೀತಿಯಲ್ಲಿ ಮಾಡುವುದೆಂದು ಅದರ ಸ್ಥೂಲ ಅರ್ಥ. ಅದನ್ನು ವಿವರಿಸುವಾಗ ಮೊದಲು ಬರುವುದು ನೀನು ನೋಡುತ್ತಿದ್ದೀಯೆಂಬ ಭಾವ, ನಿನ್ನನ್ನು ನೋಡಲಾಗುತ್ತಿದೆ ಎಂಬುದು ಎರಡನೆಯದು.

ಕನ್ನಡದಲ್ಲಿ 'ನಿಯತ್ತು' ಎಂಬ ಪದವಿದೆ. ಅರಬ್ಬಿಯ 'ನಿಯ್ಯತ್' ನಮ್ಮಲ್ಲಿಗೆ ಬಂದು ಹೀಗಾಯಿತು. ಅಲ್ಲಿ ಅದಕ್ಕೆ ಉದ್ದೇಶ, ಸಂಕಲ್ಪ ಎಂದರ್ಥ. ನಮ್ಮ ಹಳ್ಳಿಗರ ಬಾಯಲ್ಲಿ ಅದು ಪ್ರಾಮಾಣಿಕತೆಯೆಂಬ ಅರ್ಥ ಪಡೆಯಿತು. ಉದ್ದೇಶವೇ ಪ್ರಾಮಾಣಿಕತೆ ಎಂದು ಈ ನೆಲದ ಜನ ತಮಗೆ ಅರಿವಿಲ್ಲದೆಯೇ ತೀರ್ಮಾನಿಸಿದಂತಿದೆ. ರೇಡಾರ್ ನನ್ನ ವೇಗವನ್ನು ಅಳೆಯಬಲ್ಲದು, ನಿಯತ್ತನ್ನು ಅಳೆಯಲಾರದು. ಅರವತ್ತರಲ್ಲಿ ಹೋಗುತ್ತಿದ್ದ ನಾನು ಪೊಲೀಸರ ಯಂತ್ರದಲ್ಲಿ ಸಾಚಾ ಮನುಷ್ಯನಾಗಿಯೇ ದಾಖಲಾಗಿದ್ದೆ.

ಒಂದು ಲೆಕ್ಕ ಹಾಕಿ ನೋಡಿದೆ. 60ರಲ್ಲಿರುವ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ, 90ರಲ್ಲಿರುವುದು 25 ಮೀಟರ್. ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ 60ರ ಕಾರು ಒಟ್ಟು ಸುಮಾರು 37 ಮೀಟರಿನೊಳಗೆ ನಿಲ್ಲುತ್ತದೆ. 90ರ ಕಾರಿಗೆ ಸುಮಾರು 70 ಮೀಟರ್ ಬೇಕು. ಅಷ್ಟೇ ಅಲ್ಲ, 60ರ ಕಾರು ಪೂರ್ತಿ ನಿಂತ ಆ ಜಾಗದಲ್ಲಿ 90ರ ಕಾರು ಇನ್ನೂ 75ಕ್ಕಿಂತ ಹೆಚ್ಚಿನ ವೇಗದಲ್ಲಿರುತ್ತದೆ. ಆ ಜಾಗದಲ್ಲಿ ಯಾರಾದರೂ ನಿಂತಿದ್ದರೆ? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳಿತು. ಸತ್ತವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಅವರ ಬಳಿ ಯಾವ ಡಿಟೆಕ್ಟರೂ ಇರಲಿಲ್ಲ. ಬರುತ್ತಿರುವ ನಮ್ಮನ್ನು ಪತ್ತೆಹಚ್ಚಲು ಅವರಿಗಿದ್ದದ್ದು ಎರಡು ಕಣ್ಣು, ಎರಡು ಕಿವಿ.

ಆ ಮೀನು ಮಾರುವ ಹೆಂಗಸಿನ ಕಡೆಯಿಂದ ನೋಡಿದರೆ ಪೊಲೀಸರ ಮೇಲೂ ಒಂದು ದೂರಿದೆ. ಹೆದ್ದಾರಿ ಅಗಲವಾಗಿ ಅವರ ಊರನ್ನು ಎರಡಾಗಿ ಸೀಳಿತು. ದಾಟಲು ಕೆಳಸೇತುವೆಯಿಲ್ಲ, ಮೇಲ್ಸೇತುವೆಯಿಲ್ಲ. ನನ್ನ ವೇಗ ಅಳೆಯಲು ಯಂತ್ರ ತಂದ ಪ್ರಭುತ್ವ, ತಲೆಯ ಮೇಲೆ ಭಾರ ಹೊತ್ತು ಅವರು ರಸ್ತೆ ದಾಟಲು ಎಷ್ಟು ಹೊತ್ತು ಕಾಯುತ್ತಾರೆಂದು ಎಂದೂ ಅಳೆದಿಲ್ಲ. ಪೊಲೀಸರು ನನ್ನನ್ನು ನೋಡುತ್ತಿದ್ದರು, ನಾನು ಪೊಲೀಸರನ್ನು ನೋಡುತ್ತಿದ್ದೆ. ಅವರನ್ನು ನೋಡುವವರು ಯಾರೂ ಇರಲಿಲ್ಲ.

ಆ ಬೆಳಿಗ್ಗೆ ಹೆಕ್ಕಿದ ಮೀನುಗಳಲ್ಲಿ ಅರ್ಧ ಮಾರುವಂತಿರಲಿಲ್ಲ. ದುಡ್ಡು ಕೊಡಹೋದೆ. ಮೊದಲು ಬೇಡವೆಂದರು, ಆಮೇಲೆ ಹಾಳಾದ ಮೀನಿನಷ್ಟನ್ನೇ ಲೆಕ್ಕ ಹಾಕಿ ತೆಗೆದುಕೊಂಡು, ಉಳಿದದ್ದನ್ನು ಹಿಂದೆ ಕೊಟ್ಟರು. ಅಲ್ಲಿ ಅವರನ್ನು ನೋಡುವ ಕ್ಯಾಮರಾ ಇರಲಿಲ್ಲ.

ಈಗಲೂ ಎದುರಿನ ಗಾಡಿ ಲೈಟ್ ಹೊಡೆದರೆ ನನ್ನ ಕಾಲು ತಾನಾಗಿಯೇ ಆಕ್ಸಿಲರೇಟರಿನಿಂದ ಮೇಲೇಳುತ್ತದೆ. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಪೊಲೀಸರು ಹಿಂದೆ ಬಿದ್ದ ಮೇಲೆ ಕಾಲು ಮತ್ತೆ ಇಳಿಯಲು ನೋಡುತ್ತದೆ. ಆಗ ಆ ಮಾತು ನೆನಪಿಗೆ ಬರುತ್ತದೆ, ಕೆಲವೊಮ್ಮೆ ಮಾತ್ರ, ಯಾವಾಗಲೂ ಅಲ್ಲ. ಬಂದ ದಿನ ಮುಳ್ಳು ಅರವತ್ತರಲ್ಲೇ ಉಳಿಯುತ್ತದೆ. ನಾನು ಎದುರಿನವರಿಗೆ ಲೈಟ್ ಹೊಡೆಯುವುದನ್ನು ಮಾತ್ರ ಪೂರ್ತಿ ಬಿಟ್ಟಿಲ್ಲ. ರಸ್ತೆಯಲ್ಲಿ ದನ ಮಲಗಿದ್ದರೆ, ಮರ ಬಿದ್ದಿದ್ದರೆ, ಶಾಲೆ ಬಿಟ್ಟು ಮಕ್ಕಳು ದಾಟುತ್ತಿದ್ದರೆ ಹೊಡೆಯುತ್ತೇನೆ. ಎದುರಿನವರು ಪೊಲೀಸರಿದ್ದಾರೆಂದೇ ತಿಳಿದು ನಿಧಾನಿಸುತ್ತಾರೆ. ತಿಳಿಯಲಿ, ಮಕ್ಕಳು ದಾಟಿದರೆ ಸಾಕು.